ಯಾರ ಲಾಭಕ್ಕೆ ಯಾರ ಬಲ? ಮುಳಶಿಯಿಂದ ಪುರಂದರದವರೆಗೆ



ದತ್ತಿ ಉಪನ್ಯಾಸವೆಂದರೆ ಪಂಪನೋ ಕುಮಾರವ್ಯಾಸನೋ ವಚನಗಳೋ ಇರಬೇಕೆಂಬ ನಿರೀಕ್ಷೆ ನಮ್ಮಲ್ಲಿದೆ. ನಾನು ಜಮೀನಿನ ವಿಷಯ ಎತ್ತಿಕೊಂಡಿದ್ದೇನೆ. ಸಂಘಟಕರು ಒಂದು ಗಳಿಗೆ ತಡವರಿಸಿದರೂ ಬೇಡವೆನ್ನಲಿಲ್ಲ. ಇಲ್ಲಿ ಕೂತಿರುವ ಕಿರಿಯರಲ್ಲಿ ಬಹಳ ಮಂದಿ ಹಿಂಜವಡಿಯ ಐಟಿ ಪಾರ್ಕಿನಲ್ಲೋ ಚಾಕಣದ ಕಾರ್ಖಾನೆಗಳಲ್ಲೋ ದುಡಿಯುವವರು. ಇಲ್ಲಿನ ಅಪಾರ್ಟ್‌ಮೆಂಟುಗಳಿಗೆ ಸೆಂಟ್ರಿಂಗ್ ಕಟ್ಟಿದ, ಕಾಂಕ್ರೀಟು ಹೊತ್ತ ಕೈಗಳಲ್ಲಿ ಎಷ್ಟೋ ಕೈಗಳು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವು. ಪುಣೆ ಬೆಳೆದದ್ದರಲ್ಲಿ ಕನ್ನಡಿಗರ ಬೆವರೂ ಇದೆ, ಅನ್ನವೂ ಇದೆ. ಹಾಗಿರುವಾಗ ಈ ನಗರ ಯಾರ ಹೊಲದ ಮೇಲೆ ಬೆಳೆಯಿತು, ಆ ಹೊಲ ಯಾವ ರೀತಿಯಲ್ಲಿ ಕೈಬದಲಾಯಿತು ಎಂದು ಕೇಳುವ ಹಕ್ಕು ನಮಗೂ ಇದೆ.

ನನ್ನ ಪ್ರಶ್ನೆ ಇಷ್ಟೇ. ರಸ್ತೆ, ಕಾಲುವೆ, ಆಸ್ಪತ್ರೆಗೆಂದು ರೈತನ ಜಮೀನನ್ನು ಒಪ್ಪಿಗೆ ಇಲ್ಲದೆಯೂ ತೆಗೆದುಕೊಳ್ಳುವ ಅಧಿಕಾರವನ್ನು ನಾವು ಸರ್ಕಾರಕ್ಕೆ ಕೊಟ್ಟಿದ್ದೇವೆ. ಆ ಅಧಿಕಾರವನ್ನು ಒಂದು ಖಾಸಗಿ ಕಂಪನಿಯ ಯೋಜನೆಗಾಗಿ ಬಳಸುವುದು ನ್ಯಾಯವೇ? ಊರಿನ ಬಾವಿ ತೋಡಲು ಹಿರಿಯರು ಬಂದು ನನ್ನ ಹಿತ್ತಲು ಕೇಳಿದರೆ ಒಂದು ಮಾತು; ಪಕ್ಕದ ಮನೆಯವನು ಹೋಟೆಲು ಹಾಕಲಿಕ್ಕೆ ಅದೇ ಹಿರಿಯರನ್ನು ಮುಂದಿಟ್ಟುಕೊಂಡು ಬಂದು ಹಿತ್ತಲು ಬಿಡು ಎಂದರೆ ಬೇರೆ ಮಾತು. ಈ ವ್ಯತ್ಯಾಸ ಯಾರಿಗೂ ಅರ್ಥವಾಗುವಂಥದ್ದು. ಕಾನೂನಿಗೆ ಮಾತ್ರ ಅರ್ಥವಾಗಲು ನೂರು ವರ್ಷ ಹಿಡಿಯಿತು, ಅರ್ಧಂಬರ್ಧ ಅರ್ಥವಾಗಿದೆ.

ನೂರು ವರ್ಷ ಎಂದದ್ದು ಲೆಕ್ಕವಿಟ್ಟೇ. ಪುಣೆಯ ಪಶ್ಚಿಮಕ್ಕೆ, ಪೌಡ್ ದಾಟಿ ತಾಮ್ಹಿಣಿ ಘಾಟಿನ ದಾರಿ ಹಿಡಿದರೆ ಮುಳಶಿಯ ಜಲಾಶಯ ಕಾಣುತ್ತದೆ. ಮಳೆಗಾಲದಲ್ಲಿ ನಮ್ಮ ಮಕ್ಕಳು ಬೈಕಿನಲ್ಲಿ ಹೋಗಿ ಫೋಟೋ ಹಾಕುವ ಜಾಗ. ನೀಲಾ ಮತ್ತು ಮುಳಾ ನದಿಗಳು ಕೂಡುವಲ್ಲಿ ಟಾಟಾ ಪವರ್ ಕಂಪನಿ ಈ ಅಣೆಕಟ್ಟನ್ನು ಕಟ್ಟಿತು. ನೀರನ್ನು ಘಟ್ಟದ ಕೆಳಗೆ, ಕೊಂಕಣದ ಭಿರಾಕ್ಕೆ ಇಳಿಸಿ ವಿದ್ಯುತ್ ತಯಾರಿಸಿ ಮುಂಬಯಿಗೆ ಒಯ್ಯುವುದು ಯೋಜನೆ. ಮುಳುಗುವುದು ಮಾವಳವೆಂಬ ಈ ಘಟ್ಟದಂಚಿನ ಸೀಮೆಯ ಐವತ್ತರಷ್ಟು ಹಳ್ಳಿಗಳ ಭತ್ತದ ಗದ್ದೆ, ಮನೆ, ದೇವಸ್ಥಾನ. ಒಕ್ಕಲೇಳಬೇಕಾದವರು ಸುಮಾರು ಹನ್ನೊಂದು ಸಾವಿರ ಜನ. ಜಮೀನಿನ ಒಡೆಯರಿಗೆ ಹೇಳದೆ ಕೇಳದೆ ಪರೀಕ್ಷೆಯ ಕಂದಕಗಳನ್ನು ತೋಡಲು ಶುರುಮಾಡಿದಾಗಲೇ ಜನರಿಗೆ ಸುದ್ದಿ ತಿಳಿದದ್ದು.

1921ರ ಏಪ್ರಿಲ್ 16, ರಾಮನವಮಿಯ ದಿನ, ಮಾವಳದ ರೈತರು ಹೆಂಗಸರು ಮಕ್ಕಳ ಸಮೇತ ಹೋಗಿ ಕಾಮಗಾರಿಯ ಜಾಗದಲ್ಲಿ ಕೂತರು. ಕೆಲಸ ನಿಂತಿತು. ಮುಳಶಿ ಸತ್ಯಾಗ್ರಹ ಶುರುವಾದದ್ದು ಹಾಗೆ. ಅಣೆಕಟ್ಟಿನ ವಿರುದ್ಧ ಜಗತ್ತಿನಲ್ಲೇ ನಡೆದ ಮೊದಲ ಸಂಘಟಿತ ಚಳವಳಿ ಇದು ಎಂದು ಪುಣೆ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರಜ್ಞ ರಾಜೇಂದ್ರ ವೋರಾ ಅವರು ಪುಸ್ತಕವನ್ನೇ ಬರೆದಿದ್ದಾರೆ. ಮುಂದಾಳತ್ವ ಪಾಂಡುರಂಗ ಮಹಾದೇವ ಬಾಪಟರದು. ಎಡಿನ್‌ಬರೋದಲ್ಲಿ ಓದಿ, ಪ್ಯಾರಿಸ್ಸಿನಲ್ಲಿ ಬಾಂಬು ಮಾಡುವುದನ್ನೂ ಕಲಿತು ಬಂದಿದ್ದ ಮನುಷ್ಯ. ‘ಸೇನಾಪತಿ’ ಎಂಬ ಬಿರುದು ಅವರಿಗೆ ಬಂದದ್ದು ಮುಳಶಿಯಿಂದ. ಇಂದು ಈ ನಗರದಲ್ಲಿ ಸೇನಾಪತಿ ಬಾಪಟ್ ರಸ್ತೆಯ ಮೇಲೆ ಓಡಾಡುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ! ಆ ರಸ್ತೆಯ ಎರಡೂ ಬದಿ ಈಗ ಗಾಜಿನ ಕಚೇರಿಗಳು, ದೊಡ್ಡ ಹೋಟೆಲು, ಮಾಲು.

ಗಾಂಧೀಜಿ ಅದೇ ತಿಂಗಳು ‘ಯಂಗ್ ಇಂಡಿಯಾ’ದಲ್ಲಿ ಮುಳಶಿಯ ಬಗ್ಗೆ ಬರೆದರು. ಕಾನೂನಿನ ಬಲ ಪಕ್ಕಕ್ಕಿಟ್ಟು ಜನರನ್ನು ಒಲಿಸಿಕೊಳ್ಳಿ ಎಂಬುದು ಟಾಟಾ ಮನೆತನಕ್ಕೆ ಅವರು ಹೇಳಿದ ಬುದ್ಧಿಮಾತಿನ ಸಾರ. ವಿದ್ಯುತ್ತು ಬೇಡವೆಂದು ಅವರು ಹಟ ಹಿಡಿಯಲಿಲ್ಲ. ವಿದ್ಯುತ್ತಿನಿಂದ ಎಷ್ಟೇ ಉಪಯೋಗವಾಗಲಿ, ಅದು ಬಲವಂತಕ್ಕೆ ಸಮರ್ಥನೆಯಾಗದು ಎಂಬ ನಿಲುವು. ನನಗೆ ಇದು ಇವತ್ತಿಗೂ ಸರಿಯಾದ ಶುರು ಎನಿಸುತ್ತದೆ.

ಸರ್ಕಾರದ ಕೈಯಲ್ಲಿದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಅದರ ಏಳನೆಯ ಭಾಗ ಇಡಿಯಾಗಿ ಕಂಪನಿಗಳಿಗೆ ಮೀಸಲು. ಕಂಪನಿಯ ಕೆಲಸದಿಂದ ಜನರಿಗೆ ಉಪಯೋಗವಾದೀತೆಂದು ಸರ್ಕಾರಕ್ಕೆ ಮನವರಿಕೆಯಾದರೆ ಸಾಕು, ಒಂದು ಕರಾರು ಮಾಡಿಕೊಂಡು ರೈತನ ಜಮೀನು ತೆಗೆದು ಕಂಪನಿಗೆ ಕೊಡಬಹುದು. ಇನ್ನೊಂದು ಸಂಗತಿ ಕೇಳಿ. ‘ನನ್ನ ಆಕ್ಷೇಪಣೆ ಕೇಳಿ’ ಎನ್ನುವ ಹಕ್ಕೇ ಮೂಲ ಕಾಯ್ದೆಯಲ್ಲಿ ಜಮೀನುದಾರನಿಗೆ ಇರಲಿಲ್ಲ. ಬೆಲೆಯ ಬಗ್ಗೆ ಕೋರ್ಟಿಗೆ ಹೋಗಬಹುದಿತ್ತು, ಕೊಡಲೊಲ್ಲೆ ಎನ್ನುವಂತಿರಲಿಲ್ಲ. ಆಕ್ಷೇಪಣೆ ಆಲಿಸಬೇಕೆಂಬ 5ಎ ಕಲಂ ಸೇರಿದ್ದು 1923ರಲ್ಲಿ. ಮುಳಶಿಯ ಜನ ಬಯಲಿಗೆ ಬಂದು ಕೂತಾಗ ಕಾನೂನಿನಲ್ಲಿ ಅವರಿಗೆ ಕೂರಲು ಜಾಗವೇ ಇರಲಿಲ್ಲ. ಅವರ ಘೋಷಣೆ ‘ಜಾನ್ ಕಿಂವಾ ಜಮೀನ್’, ಪ್ರಾಣ ಇಲ್ಲವೇ ಜಮೀನು, ಎಂಬುದರ ಹಿಂದೆ ಆವೇಶದಷ್ಟೇ ಕಾನೂನಿನ ಈ ಶೂನ್ಯವೂ ಇತ್ತು.

ಚಳವಳಿ ಸೋತಿತು. 1924ರ ಹೊತ್ತಿಗೆ ಮುಗಿಯಿತು, 1927ರಲ್ಲಿ ಭಿರಾದ ವಿದ್ಯುದಾಗಾರ ಕೆಲಸ ಶುರುಮಾಡಿತು. ಬಾಪಟರು ಕೊನೆಗೆ ಅಹಿಂಸೆಯ ದಾರಿ ಬಿಟ್ಟು ಕಾಮಗಾರಿಯ ಮೇಲೇ ಕೈಮಾಡಿ ಏಳು ವರ್ಷದ ಶಿಕ್ಷೆಗೆ ಹೋದರು. ಏಕೆ ಸೋತಿತು ಎಂಬುದನ್ನು ಕೊಂಚ ನಿಧಾನಿಸಿ ನೋಡಬೇಕು, ಏಕೆಂದರೆ ನನ್ನ ಇಡೀ ವಾದ ಅಲ್ಲೇ ತಿರುವು ತೆಗೆದುಕೊಳ್ಳುತ್ತದೆ. ಮುಳುಗುವ ಜಮೀನಿನ ದೊಡ್ಡ ಪಾಲು ಉಳುವವನ ಹೆಸರಿನಲ್ಲಿ ಇರಲಿಲ್ಲ. ಸಾಲಕ್ಕೆ ಅಡವಾಗಿ, ಕೆಲವು ಕಡೆ ಪೂರಾ ಬರೆದುಕೊಟ್ಟು, ಪುಣೆಯ ಸಾಹುಕಾರರ ಪಾಲಾಗಿತ್ತು. ಕಂಪನಿ ಒಳ್ಳೆಯ ಪರಿಹಾರ ಕೊಡಲು ಮುಂದೆ ಬಂದಾಗ ಸಾಹುಕಾರರ ಒಲವು ಆ ಕಡೆ ವಾಲಿತು. ಅವರಿಗೆ ಜಮೀನು ಒಂದು ಬಂಡವಾಳ. ರೊಕ್ಕವಾಗಿ ಬಂದರೆ ಇನ್ನೂ ಅನುಕೂಲ. ಗೇಣಿಗೆ ಉಳುತ್ತಿದ್ದ ಮಾವಳಿ ರೈತನಿಗೆ ಪರಿಹಾರವೂ ಇಲ್ಲ, ಗದ್ದೆಯೂ ಇಲ್ಲ. ಪುಣೆಯ ಮುಖಂಡರಲ್ಲಿ ಕೆಲವರು ಸತ್ಯಾಗ್ರಹದ ಭಾಷಣ ಮಾಡುತ್ತಲೇ ಪರಿಹಾರದ ಮಾತುಕತೆಯನ್ನೂ ನಡೆಸಿದರು. ಚಳವಳಿ ಒಳಗಿಂದ ಒಡೆಯಿತು.

ಇದನ್ನು ನೆನಪಿಟ್ಟುಕೊಂಡು ಸ್ವಾತಂತ್ರ್ಯ ಬಂದ ಮೇಲಿನ ಕಥೆಗೆ ಬನ್ನಿ. ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಕಾನಪುರದಲ್ಲಿ ಜವಳಿ ಯಂತ್ರದ ಬಿಡಿಭಾಗ ಮಾಡುವ ಕಂಪನಿಗೆಂದು ಜಮೀನು ತೆಗೆದಾಗ, ಆರ್.ಎಲ್. ಅರೋರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತಡೆ ಹಾಕಿತು. ಕಾರ್ಖಾನೆಯ ಸರಕು ಜನರಿಗೆ ಬೇಕಾಗಿದೆ ಎಂದ ಮಾತ್ರಕ್ಕೆ ಆಗಲಿಲ್ಲ, ಆ ಕೆಲಸವೇ ಜನರಿಗೆ ನೇರವಾಗಿ ಒದಗಬೇಕು ಎಂದಿತು. ಸರ್ಕಾರ ತೀರ್ಪನ್ನು ಒಪ್ಪಿಕೊಳ್ಳುವ ಬದಲು 1962ರಲ್ಲಿ ಕಾನೂನನ್ನೇ ತಿದ್ದಿತು, ಹಿಂದಿನ ದಿನಾಂಕಕ್ಕೂ ಅನ್ವಯವಾಗುವಂತೆ. 1964ರಲ್ಲಿ ಕೋರ್ಟೂ ಆ ತಿದ್ದುಪಡಿಗೆ ತಲೆದೂಗಿತು. ಅದೇ ಕಾಲದ ಸೋಮಾವಂತಿ ಪ್ರಕರಣ ಇನ್ನೂ ವಿಚಿತ್ರ. ರೆಫ್ರಿಜರೇಟರಿನ ಕಂಪ್ರೆಸರು ತಯಾರಿಸುವ ಖಾಸಗಿ ಕಂಪನಿಗೆ ಪಂಜಾಬ್ ಸರ್ಕಾರ ಜಮೀನು ಸ್ವಾಧೀನಪಡಿಸಿಕೊಂಡಿತು. ಸಾರ್ವಜನಿಕ ಉದ್ದೇಶವೆನ್ನಬೇಕಾದರೆ ಬೊಕ್ಕಸದಿಂದ ಒಂದಿಷ್ಟು ಹಣ ಹೋಗಬೇಕು ಎಂಬ ನಿಯಮವಿತ್ತಲ್ಲ, ಅದಕ್ಕಾಗಿ ಸರ್ಕಾರ ಹಾಕಿದ ಪಾಲು 100 ರೂಪಾಯಿ. ಮಿಕ್ಕದ್ದೆಲ್ಲ ಕಂಪನಿಯದು. ಕೋರ್ಟು ಇದನ್ನು ಎತ್ತಿಹಿಡಿಯಿತು. ಸಾರ್ವಜನಿಕ ಹಿತದ ಮೊಹರಿಗೆ ಈ ದೇಶದಲ್ಲಿ ನಿಗದಿಯಾದ ಅತಿ ಅಗ್ಗದ ದರ ಅದು.

ಇಷ್ಟು ಹೇಳಿ ಎದುರು ಪಕ್ಷದ ಮಾತನ್ನು ಕೇಳದೆ ಹೋದರೆ ಅನ್ಯಾಯ. ಅದು ಬರೀ ದುರಾಸೆಯ ಮಾತಲ್ಲ. ನಮ್ಮ ಹಿಡುವಳಿಗಳು ಗುಂಟೆ ಲೆಕ್ಕದವು. ನೂರು ಎಕರೆಯ ಒಂದು ಕಾರ್ಖಾನೆಗೆ ಇನ್ನೂರು ಖಾತೆದಾರರನ್ನು ಹಿಡಿಯಬೇಕು. ಅದರಲ್ಲಿ ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ, ಸತ್ತ ಅಜ್ಜನ ಹೆಸರಿನಲ್ಲೇ ಉಳಿದ ಪಹಣಿ, ಊರು ಬಿಟ್ಟು ಹೋದ ಹೆಣ್ಣುಮಕ್ಕಳ ಹಕ್ಕು. ನೂರಾತೊಂಬತ್ತೊಂಬತ್ತು ಜನ ಒಪ್ಪಿದ ಮೇಲೆ ನಟ್ಟನಡುವಿನ ಎರಡು ಎಕರೆಯವನು ಹತ್ತರಷ್ಟು ಕೇಳಿ ಕೂತರೆ ಇಡೀ ಯೋಜನೆ ಅವನೊಬ್ಬನ ಮುಷ್ಟಿಯಲ್ಲಿ. ಕಾರ್ಖಾನೆ ಬರದಿದ್ದರೆ ಕೆಲಸವೂ ಬರದು. ಹಿಂಜವಡಿ ಇರದಿದ್ದರೆ ಈ ಸಭೆಯ ಎಷ್ಟೋ ಜನ ಪುಣೆಗೆ ಬರುತ್ತಲೇ ಇರಲಿಲ್ಲ. ಮರೆಯಬೇಡಿ, ಹಿಂಜವಡಿ ಇರುವುದೂ ಮುಳಶಿ ತಾಲೂಕಿನಲ್ಲೇ. ನೂರು ವರ್ಷದ ಹಿಂದೆ ತಾಲೂಕಿನ ಪಶ್ಚಿಮದ ಗದ್ದೆಗಳು ಮುಂಬಯಿಯ ವಿದ್ಯುತ್ತಿಗೆ ಹೋದವು. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಪೂರ್ವದ ಹೊಲಗಳು ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ನಿಗಮದ ಮೂಲಕ, ಜನ ಎಂಐಡಿಸಿ ಎನ್ನುವುದರ ಮೂಲಕ, ಸಾಫ್ಟ್‌ವೇರಿಗೆ ಹೋದವು.

ಈ ವಾದಕ್ಕೆ ತೂಕವಿದೆ. ಆದರೆ ಅದು ಅಡಗಿಸಿಕೊಳ್ಳುವ ಒಂದು ಸಂಗತಿಯೂ ಇದೆ. ಹಟ ಹಿಡಿದ ಒಬ್ಬನಿಂದ ಕಂಪನಿಯನ್ನು ಕಾಪಾಡುವ ಹೆಸರಿನಲ್ಲಿ ಇನ್ನೂರು ಜನರಿಂದಲೂ ಚೌಕಾಸಿಯ ಶಕ್ತಿ ಕಿತ್ತುಕೊಳ್ಳಲಾಗುತ್ತದೆ. ಬೆಲೆ ಹೇಗೆ ಕಟ್ಟುತ್ತಾರೆ ನೋಡಿ. ಸುತ್ತಲಿನ ಜಮೀನುಗಳ ಕ್ರಯಪತ್ರಗಳಲ್ಲಿ ನಮೂದಾದ ಮೊತ್ತವೇ ಆಧಾರ. ಮುದ್ರಾಂಕ ಶುಲ್ಕ ಉಳಿಸಲು ಕ್ರಯಪತ್ರದಲ್ಲಿ ಕಡಿಮೆ ಬರೆಸುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ವ್ಯವಹಾರ. ಆ ಸುಳ್ಳಿನ ದಂಡ ತೆರುವವನು ಜಮೀನು ಮಾರದೆ ಉಳಿಸಿಕೊಂಡವನು. ಅಧಿಸೂಚನೆ ಹೊರಟ ದಿನಕ್ಕೆ ಬೆಲೆ ಹೆಪ್ಪುಗಟ್ಟುತ್ತದೆ. ಆಮೇಲೆ ರಸ್ತೆ ಬಂದು, ಕರೆಂಟು ಬಂದು, ಅದೇ ಎಕರೆ ಹತ್ತಾರು ಪಟ್ಟು ಏರಿದರೆ ಆ ಏರಿಕೆ ಯಾರಿಗೆ? ಕಾಲುವೆಗೆ ಹೋದ ಜಮೀನಿನಲ್ಲಿ ಆ ಏರಿಕೆ ಯಾರ ಜೇಬಿಗೂ ಸೇರುವುದಿಲ್ಲ, ನೀರಾಗಿ ಊರಿಗೆ ಹರಿಯುತ್ತದೆ. ಟೌನ್‌ಶಿಪ್ಪಿಗೆ ಹೋದ ಜಮೀನಿನಲ್ಲಿ ಅದು ಪೂರಾ ಕಂಪನಿಯ ಲೆಕ್ಕದ ಪುಸ್ತಕಕ್ಕೆ. ಸರ್ಕಾರದ ಬಲ ಇಲ್ಲಿ ಒಬ್ಬನ ಸಂಪತ್ತನ್ನು ಇನ್ನೊಬ್ಬನಿಗೆ ದಾಟಿಸುವ ಕೆಲಸ ಮಾಡುತ್ತದೆ. ನೈತಿಕ ಆಕ್ಷೇಪದ ತಿರುಳು ಇದು. ಹಳೇ ಬಾಗಲಕೋಟೆ ಆಲಮಟ್ಟಿಯ ಹಿನ್ನೀರಿಗೆ ಹೋದಾಗ ಮನೆ ಕಳೆದುಕೊಂಡವರು ಈ ಸಭೆಯಲ್ಲೂ ಇರಬಹುದು. ಅವರ ಸಂಕಟ ಸಣ್ಣದಲ್ಲ, ಅವರಿಗಾದ ಅನ್ಯಾಯಗಳೂ ಸಣ್ಣವಲ್ಲ. ಆದರೂ ಆ ನೀರು ಯಾವುದೋ ರೈತನ ಹೊಲಕ್ಕೆ ಹರಿಯಿತು ಎಂದಾದರೂ ಹೇಳಿಕೊಳ್ಳಬಹುದು. ವಿಲ್ಲಾ ಕಟ್ಟಲು ಹೊಲ ಬಿಟ್ಟವನು ಏನೆಂದು ಹೇಳಿಕೊಳ್ಳಬೇಕು?

ಕರ್ನಾಟಕದ ಎರಡು ಪ್ರಕರಣ ಹೇಳುತ್ತೇನೆ. ಒಂದು ಕೋಡಿಹಳ್ಳಿಯದು, ಬೆಂಗಳೂರಿನ ಹಳೇ ವಿಮಾನ ನಿಲ್ದಾಣದ ಹತ್ತಿರ. 1980ರ ದಶಕದ ಆರಂಭದಲ್ಲಿ ಪ್ರವಾಸೋದ್ಯಮ ಅಭಿವೃದ್ಧಿ ನಿಗಮಕ್ಕೆಂದು, ಗಾಲ್ಫ್ ಮೈದಾನದ ಜೊತೆಗೊಂದು ಹೋಟೆಲು ಎಂಬ ಯೋಜನೆ ತೋರಿಸಿ, ರೈತರ ಜಮೀನು ತೆಗೆದರು. ತೆಗೆದದ್ದು ಸರ್ಕಾರಿ ನಿಗಮದ ಹೆಸರಿನಲ್ಲಿ. ಜಮೀನು ಕಡೆಗೆ ಸೇರಿದ್ದು ಖಾಸಗಿಯವರ ಕೈಗೆ. ಒಬ್ಬ ಜಮೀನುದಾರರು ಬಿಡದೆ ಹೋರಾಡಿದರು. 2011ರಲ್ಲಿ ಸುಪ್ರೀಂ ಕೋರ್ಟು ರಾಯಲ್ ಆರ್ಕಿಡ್ ಪ್ರಕರಣದಲ್ಲಿ ತೀರ್ಪು ಕೊಟ್ಟು, ಸಾರ್ವಜನಿಕ ಉದ್ದೇಶದ ಮುಸುಕಿನಲ್ಲಿ ಖಾಸಗಿಯವರಿಗೆ ಜಮೀನು ದಾಟಿಸುವುದನ್ನು ಒಪ್ಪಲಾಗದೆಂದಿತು. ನ್ಯಾಯ ಸಿಕ್ಕಿತು, ಮೂವತ್ತು ವರ್ಷಕ್ಕೆ. ಬೆಂಗಳೂರಿನಲ್ಲಿ ಮೂವತ್ತು ವರ್ಷದಲ್ಲಿ ಒಂದು ಹೊಲ ಏನೇನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.

ಎರಡನೆಯದು ದೇವನಹಳ್ಳಿ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗೆಂದು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಅಂದರೆ ಕೆಐಎಡಿಬಿ, ಗುರುತಿಸಿತು. ದ್ರಾಕ್ಷಿ, ರೇಷ್ಮೆ, ತರಕಾರಿ ಬೆಳೆಯುವ ನೆಲ. ಸಣ್ಣ ಹಿಡುವಳಿಯವರೂ ದಲಿತರೂ ಬಹಳವಾಗಿರುವ ಊರುಗಳು. ಅದೇ ತಾಲೂಕಿನಲ್ಲಿ ವಿಮಾನ ನಿಲ್ದಾಣಕ್ಕೆ, ಕೈಗಾರಿಕಾ ಪ್ರದೇಶಕ್ಕೆ ಮೊದಲೇ ಸಾವಿರಾರು ಎಕರೆ ಹೋಗಿತ್ತು. 2022ರ ಏಪ್ರಿಲಿನಲ್ಲಿ ಧರಣಿ ಕೂತವರು ಮೂರು ವರ್ಷಕ್ಕೂ ಮೇಲೆ ಏಳಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಸ್ವಾಧೀನ ಕೈಬಿಟ್ಟೆವೆಂದು ಹೇಳಿದರು. ತಾವಾಗಿ ಕೊಡಲು ಬಂದವರ ಜಮೀನನ್ನು ಹೆಚ್ಚಿನ ಬೆಲೆಗೆ ತೆಗೆದುಕೊಳ್ಳುತ್ತೇವೆಂದೂ ಸೇರಿಸಿದರು. ಆ ಕೊನೆಯ ಮಾತನ್ನು ಹೋರಾಟಗಾರರಲ್ಲಿ ಕೆಲವರು ಅನುಮಾನದಿಂದ ನೋಡಿದರು. ನನಗೆ ಅದರಲ್ಲೇ ಮುಖ್ಯ ಸಂಗತಿ ಕಂಡಿತು. ಮಾರಲೂಬಹುದು, ಮಾರದೆಯೂ ಇರಬಹುದು ಎಂಬ ಸ್ಥಿತಿ ಬಂದಾಗ ಹೆಚ್ಚಿನ ಬೆಲೆ ತಾನಾಗಿ ಮಾತಿಗೆ ಬಂತು. ಮೂರು ವರ್ಷ ಮೊದಲೇ ಆ ಸ್ಥಿತಿ ಇದ್ದಿದ್ದರೆ ಧರಣಿ ಕೂರುವ ಪ್ರಮೇಯವೇ ಬರುತ್ತಿರಲಿಲ್ಲ.

ಯಾರಾದರೂ ಕೇಳಬಹುದು: 2013ರಲ್ಲಿ ಹೊಸ ಕಾನೂನು ಬಂತಲ್ಲ? ಬಂತು, 2014ರ ಜನವರಿ 1ರಿಂದ ಜಾರಿ. ಖಾಸಗಿ ಕಂಪನಿಗಾದರೆ 80 ಪ್ರತಿಶತ, ಸರ್ಕಾರಿ-ಖಾಸಗಿ ಸಹಭಾಗಿತ್ವಕ್ಕಾದರೆ 70 ಪ್ರತಿಶತ ಕುಟುಂಬಗಳ ಒಪ್ಪಿಗೆ ಬೇಕು. ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು. ಹಳ್ಳಿಯ ಜಮೀನಿಗೆ ಮಾರುಕಟ್ಟೆ ದರದ ನಾಲ್ಕು ಪಟ್ಟಿನವರೆಗೆ ಪರಿಹಾರ. ಸ್ವತಂತ್ರ ಭಾರತ ಬರೆದ ಒಳ್ಳೆಯ ಕಾನೂನುಗಳಲ್ಲಿ ಇದೂ ಒಂದೆಂದು ನಾನು ಒಪ್ಪುತ್ತೇನೆ. ಆದರೆ ಮುಂಬಾಗಿಲಿಗೆ ಇಷ್ಟು ಗಟ್ಟಿ ಚಿಲಕ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಿದ್ದೇವೆ. ಮಹಾರಾಷ್ಟ್ರದ ಎಂಐಡಿಸಿ ಕಾಯ್ದೆ 1961ರದು, ಕರ್ನಾಟಕದ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ 1966ರದು. ಕೈಗಾರಿಕೆಗೆ ಜಮೀನು ಬೇಕಾದಾಗ ಎರಡೂ ರಾಜ್ಯಗಳು ಹಿಡಿಯುವುದು ಈ ಹಳೆಯ ದಾರಿಯನ್ನೇ. ಅಲ್ಲಿ ಆಕ್ಷೇಪಣೆ ಕೇಳುವ ಶಾಸ್ತ್ರ ಉಂಟು. 80 ಪ್ರತಿಶತದ ಒಪ್ಪಿಗೆ ಇಲ್ಲ. ಮಂಡಳಿ ಜಮೀನು ತೆಗೆಯುತ್ತದೆ, ನಿವೇಶನ ಮಾಡುತ್ತದೆ, ಕಂಪನಿಗೆ ಹಂಚುತ್ತದೆ. ನಡುವೆ ಒಂದು ಸರ್ಕಾರಿ ಬೋರ್ಡು ನಿಂತಿರುವುದರಿಂದ ಕಂಪನಿಗಾಗಿ ಸ್ವಾಧೀನ ಎಂಬ ಮಾತೇ ಏಳುವುದಿಲ್ಲ. ಸೋಮಾವಂತಿಯ 100 ರೂಪಾಯಿ ಈಗ ಒಂದು ನಾಮಫಲಕವಾಗಿದೆ.

ಸರಿ, ಹಿತ್ತಿಲ ಬಾಗಿಲನ್ನೂ ಮುಚ್ಚಿದೆವು ಎಂದುಕೊಳ್ಳಿ. ಎಲ್ಲ ಸ್ವಾಧೀನಕ್ಕೂ 80 ಪ್ರತಿಶತ ಒಪ್ಪಿಗೆ ಕಡ್ಡಾಯ ಮಾಡಿದೆವು. ಆಗ ಮುಳಶಿಗೆ ಮರಳಿ ನೋಡಿ. 2013ರ ಕಾಯ್ದೆಯನ್ನು 1921ರ ಮುಳಶಿಯ ಮೇಲಿಟ್ಟರೆ ಏನಾಗುತ್ತಿತ್ತು? ಗೇಣಿದಾರ, ಕೂಲಿಯಾಳು, ಬಡಗಿ, ಕುಂಬಾರ, ಮೀನು ಹಿಡಿಯುವವ ಇವರೆಲ್ಲ ಬಾಧಿತ ಕುಟುಂಬಗಳೆಂದು ಈ ಕಾನೂನು ಒಪ್ಪುತ್ತದೆ. ಪುನರ್ವಸತಿ ಕೊಡಬೇಕು ಎನ್ನುತ್ತದೆ. ಆದರೆ ಒಪ್ಪಿಗೆ ಎಣಿಸುವಾಗ ಎಣಿಕೆಗೆ ಬರುವವರು ಜಮೀನಿನ ಒಡೆಯರು ಮತ್ತು ಸರ್ಕಾರದಿಂದ ಜಮೀನು ಮಂಜೂರಾದವರು, ಇಷ್ಟೇ. ಅಂದರೆ ಪುಣೆಯ ಸಾಹುಕಾರರು ಸಹಿ ಹಾಕಿದ್ದರೆ ಮುಳಶಿಯ ಬಹುಪಾಲು ಒಪ್ಪಿಗೆ ಅಲ್ಲೇ ಸಿಕ್ಕಿಬಿಡುತ್ತಿತ್ತು. ಬಯಲಿನಲ್ಲಿ ಕೂತ ಮಾವಳಿಯ ಬೇಡ ಎಂಬ ಮಾತು ಯಾವ ಕಾಲಮ್ಮಿನಲ್ಲೂ ಬೀಳುತ್ತಿರಲಿಲ್ಲ. ಬಲವಂತ ತಪ್ಪು ಎಂದು ಹೇಳುವುದು ಸುಲಭ. ಒಪ್ಪಿಗೆ ಯಾರದು ಎಂದು ಕೇಳುವುದು ಕಷ್ಟ, ಏಕೆಂದರೆ ಅದು ಸಾತ್‌ಬಾರಾ ಉತಾರೆಯಲ್ಲಿ, ಅಂದರೆ ಇಲ್ಲಿನ ಪಹಣಿಯಲ್ಲಿ, ಹೆಸರಿರುವವರ ಮುಖವನ್ನೂ, ಹಾಗಾಗಿ ನಮ್ಮಂಥವರ ಮುಖವನ್ನೂ ನೋಡಿ ಕೇಳುವ ಪ್ರಶ್ನೆ.

ಪುಣೆಯಲ್ಲೇ ಇದಕ್ಕೆ ಎರಡು ಉದಾಹರಣೆಗಳಿವೆ, ಎರಡರಲ್ಲೂ ಸ್ವಾಧೀನದ ಅಧಿಸೂಚನೆ ಮುಖ್ಯ ಪಾತ್ರವಲ್ಲ. ಹಡಪ್ಸರದ ಮಗರಪಟ್ಟಾ ಎಲ್ಲರಿಗೂ ಗೊತ್ತು. ನಗರ ತಮ್ಮ ಕಬ್ಬಿನ ಗದ್ದೆಯ ಅಂಚಿಗೆ ಬಂದದ್ದನ್ನು ಕಂಡು, ಇಂದಲ್ಲ ನಾಳೆ ಸರ್ಕಾರವೋ ಬಿಲ್ಡರೋ ನುಂಗುತ್ತಾರೆಂದು ತಿಳಿದು, ಮಗರ ಮನೆತನದ 120ರಷ್ಟು ಕುಟುಂಬಗಳು ಸುಮಾರು 400 ಎಕರೆಯನ್ನು ಒಟ್ಟುಗೂಡಿಸಿ ತಾವೇ ಕಂಪನಿ ಮಾಡಿಕೊಂಡವು. ಸತೀಶ ಮಗರ ಅವರ ಮುಂದಾಳತ್ವ. ಎಷ್ಟು ಜಮೀನೋ ಅಷ್ಟು ಷೇರು. 2000ದ ಹೊತ್ತಿಗೆ ಕಟ್ಟಡ ಶುರುವಾಯಿತು. ಐಟಿ ಕಚೇರಿಗಳು, ಮನೆಗಳು, ಶಾಲೆ, ಆಸ್ಪತ್ರೆ ಎಲ್ಲ ಬಂದವು. ಬೆಲೆಯ ಏರಿಕೆ ಜಮೀನುದಾರರಲ್ಲೇ ಉಳಿಯಿತು. ಒಬ್ಬ ಹಟಮಾರಿಯಿಂದ ಎಲ್ಲ ಕೆಡುತ್ತದೆ ಎಂಬ ವಾದಕ್ಕೆ ಇದಕ್ಕಿಂತ ಗಟ್ಟಿ ಉತ್ತರ ನನಗೆ ಸಿಕ್ಕಿಲ್ಲ. ಆದರೆ ಇದನ್ನು ಎಲ್ಲ ಕಡೆಗೂ ಹಂಚಬಹುದಾದ ಮಂತ್ರವೆಂದು ಮ್ಯಾನೇಜ್‌ಮೆಂಟ್ ಪಾಠಗಳಲ್ಲಿ ಹೇಳುವುದನ್ನು ಕೇಳಿದಾಗ ಕಸಿವಿಸಿಯಾಗುತ್ತದೆ. ಅವರು ಒಂದೇ ಕುಲದವರು, ಪರಸ್ಪರ ಮಾತಿನ ಮೇಲೆ ನಂಬಿಕೆ ಇದ್ದವರು, ನೀರಾವರಿಯ ಜಮೀನಿದ್ದವರು, ಅಧಿಕಾರದ ಮೊಗಸಾಲೆಗೆ ಹೋಗಿ ಕೂರಬಲ್ಲವರು. ಷೇರು ಹುಟ್ಟಿದ್ದು ಜಮೀನಿನ ಅಳತೆಯಿಂದ. ಆ ಗದ್ದೆಗಳಲ್ಲಿ ಕಬ್ಬು ಕಡಿಯುತ್ತಿದ್ದ ಕೂಲಿಯವನಿಗೆ ಅಳೆಯಲು ಏನಿತ್ತು?

ಇನ್ನೊಂದು ಲವಾಸಾ ಎಂಬ ಖಾಸಗಿ ಗಿರಿನಗರ. ಅದೂ ಮುಳಶಿಯ ಕಡೆಯದೇ, ಮೋಸೆ ನದಿಯ ಕಣಿವೆ. 2001ರಲ್ಲಿ 18 ಹಳ್ಳಿಗಳನ್ನು ಗಿರಿಧಾಮವೆಂದು ಸರ್ಕಾರ ಘೋಷಿಸಿತು. ಜಮೀನನ್ನು ಬಹುಮಟ್ಟಿಗೆ ಕಂಪನಿಯೇ ಕೊಂಡಿತು, ಹಾಗಾಗಿ ಬಲವಂತವಿಲ್ಲ ಎಂಬ ವಾದ. ಗಿರಿಧಾಮದ ನಕಾಶೆ ಕೊಳ್ಳುವವರಿಗೆ ಗೊತ್ತಿತ್ತು, ಮಾರುವವರಿಗೆ ಗೊತ್ತಿರಲಿಲ್ಲ ಎಂಬುದು ಅಲ್ಲಿನ ರೈತರ, ಕಾತಕರಿ ಆದಿವಾಸಿಗಳ ದೂರು. ಇದರ ಜೊತೆಗೆ, ವರಸಗಾಂವ ಅಣೆಕಟ್ಟಿಗೆಂದು ಸರ್ಕಾರದ ಕೈಸೇರಿದ್ದ 141 ಹೆಕ್ಟೇರಿನಷ್ಟು ಜಮೀನನ್ನು ಕೃಷ್ಣಾ ಕಣಿವೆ ಅಭಿವೃದ್ಧಿ ನಿಗಮ 2002ರಲ್ಲಿ ಕಂಪನಿಗೆ ಲೀಸಿಗೆ ಕೊಟ್ಟಿತು. ನೀರಾವರಿಯ ಹೆಸರಿನಲ್ಲಿ ಬಿಟ್ಟ ಹೊಲ ದೋಣಿವಿಹಾರದ ದಂಡೆಯಾಯಿತು. 2010ರ ನವೆಂಬರಿನಲ್ಲಿ ಪರಿಸರ ಸಚಿವಾಲಯ ಕೆಲಸ ನಿಲ್ಲಿಸಿತು, 2018ರಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಸಾಲ ಕೊಟ್ಟ ಬ್ಯಾಂಕುಗಳೂ ಮನೆ ಕೊಂಡವರೂ ತಮ್ಮ ಲೆಕ್ಕ ಹಿಡಿದು ನ್ಯಾಯಮಂಡಳಿಯ ಮುಂದೆ ನಿಂತರು. ಹೊಲ ಬಿಟ್ಟವರ ಲೆಕ್ಕಕ್ಕೆ ಆ ಸಾಲಿನಲ್ಲಿ ಜಾಗವಿಲ್ಲ.

ಯೋಜನೆಯೇ ಬಿದ್ದುಹೋದಾಗ ಬಲವಂತ ಎಷ್ಟು ಬೆತ್ತಲೆಯಾಗಿ ಕಾಣುತ್ತದೆ ಎಂಬುದಕ್ಕೆ ಅಮೆರಿಕದ ನ್ಯೂ ಲಂಡನ್ ಪಟ್ಟಣವನ್ನು ನೆನೆಯಬಹುದು. ಊರಿನ ಅಭಿವೃದ್ಧಿಯೂ ಸಾರ್ವಜನಿಕ ಬಳಕೆಯೇ ಎಂದು 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಐದು-ನಾಲ್ಕರ ಬಹುಮತದಿಂದ ಹೇಳಿ, ಸೂಸೆಟ್ ಕೆಲೋ ಎಂಬಾಕೆಯ ಮನೆ ತೆಗೆಯಲು ಒಪ್ಪಿತು. ಪಕ್ಕದಲ್ಲೇ ಇದ್ದ ಫೈಜರ್ ಕಂಪನಿ 2009ರಲ್ಲಿ ಊರು ಬಿಡುವುದಾಗಿ ಸಾರಿತು. ಜಾಗ ವರ್ಷಗಟ್ಟಲೆ ಹುಲ್ಲು ಬೆಳೆದುಕೊಂಡು ಬಿತ್ತು. ತೀರ್ಪಿಗೆ ಎಷ್ಟು ಸಿಟ್ಟೆದ್ದಿತೆಂದರೆ ನಲವತ್ತಕ್ಕೂ ಹೆಚ್ಚು ರಾಜ್ಯಗಳು ತಮ್ಮ ಕಾನೂನನ್ನು ತಿದ್ದಿಕೊಂಡವು. ನಮ್ಮ ಪಶ್ಚಿಮ ಬಂಗಾಳದ ಸಿಂಗೂರಿನದು ಇನ್ನೊಂದು ರೀತಿ: ಟಾಟಾದ ಕಾರು ಕಾರ್ಖಾನೆಗೆಂದು 2006ರಲ್ಲಿ ತೆಗೆದ ಜಮೀನಿನ ಸ್ವಾಧೀನವನ್ನು 2016ರ ಆಗಸ್ಟ್ 31ರಂದು ಕೋರ್ಟು ರದ್ದುಮಾಡಿತು. ಕಾರ್ಖಾನೆ ಅಷ್ಟರಲ್ಲಿ ಗುಜರಾತಿನ ಸಾಣಂದದಲ್ಲಿತ್ತು, ಗದ್ದೆಯ ಮೇಲೆ ಕಾಂಕ್ರೀಟು ಇತ್ತು.

ಇಷ್ಟರ ಮೇಲೆ ನನ್ನ ನಿಲುವೇನು ಎಂದು ಕೇಳಿದರೆ ಹೀಗೆ ಹೇಳುತ್ತೇನೆ. ಜಮೀನನ್ನು ಕಡೆಯವರೆಗೂ ಸರ್ಕಾರವೇ ಇಟ್ಟುಕೊಂಡು, ಅದಕ್ಕೆ ತಾನೇ ಉತ್ತರ ಕೊಡುವುದಾದರೆ ಮಾತ್ರ ಬಲವಂತದ ಅಧಿಕಾರ ಬಳಸಲಿ. ಅಲ್ಲೂ ಲಂಗುಲಗಾಮು ಬೇಕು; 2011ರ ಆಗಸ್ಟ್ 9ರಂದು ಮಾವಳದಲ್ಲಿ, ಪವನಾ ನೀರಿನ ಕೊಳವೆಮಾರ್ಗ ವಿರೋಧಿಸಿ ಹೆದ್ದಾರಿಗಿಳಿದ ಮೂವರು ಪೊಲೀಸರ ಗುಂಡಿಗೆ ಸತ್ತರು. ಕುಡಿಯುವ ನೀರಿಗಿಂತ ಸಾರ್ವಜನಿಕವಾದ ಉದ್ದೇಶ ಇನ್ನೇನಿದೆ? ಖಾಸಗಿ ಲಾಭವಿರುವಲ್ಲಿ ಕಂಪನಿಯವರೇ ರೈತನ ಮನೆಯ ಜಗುಲಿಗೆ ಬರಲಿ, ತಹಶೀಲ್ದಾರನಿಲ್ಲದೆ, ಪೊಲೀಸಿನವನಿಲ್ಲದೆ. ಆಗುವುದಿಲ್ಲ ಎಂದರೆ ಎದ್ದು ಹೋಗಲು ಸಿದ್ಧರಾಗಿ ಬರಲಿ. ಸರ್ಕಾರದ ಕೆಲಸ ನಕಾಶೆಯನ್ನು ಇಬ್ಬರಿಗೂ ಒಂದೇ ದಿನ ತೋರಿಸುವುದು, ಪಹಣಿ ಸರಿಮಾಡಿಕೊಡುವುದು, ಉಳುವವರನ್ನೂ ಕೂಲಿಯವರನ್ನೂ ಒಪ್ಪಿಗೆಯ ಎಣಿಕೆಯೊಳಗೆ ತರುವುದು. ಇದರಿಂದ ಕೆಲವು ಕಾರ್ಖಾನೆಗಳು ತಡವಾಗುತ್ತವೆ, ಕೆಲವು ಬರುವುದೇ ಇಲ್ಲ. ಆ ನಷ್ಟ ನಿಜ. ಆ ನಷ್ಟವನ್ನು ಇಷ್ಟು ಕಾಲ ಒಬ್ಬನ ತಲೆಗೇ ಕಟ್ಟಿದ್ದೇವೆ, ಇನ್ನು ಎಲ್ಲರೂ ಹಂಚಿಕೊಳ್ಳೋಣ ಎಂಬುದಷ್ಟೇ ನನ್ನ ಮಾತು.

ಇದು ಹಳೆಯ ಕಥೆಯಲ್ಲ ಎಂದು ತೋರಿಸಲು ಪುರಂದರಕ್ಕೆ ಬರುತ್ತೇನೆ. ಪುಣೆಯ ಹೊಸ ವಿಮಾನ ನಿಲ್ದಾಣಕ್ಕೆ ಪುರಂದರ ತಾಲೂಕಿನ ಪಾರಗಾಂವ, ಖಾನವಡಿ, ಮುಂಜವಡಿ, ಏಖತಪುರ, ಕುಂಭಾರವಳಣ, ಉದಾಚಿವಾಡಿ, ವನಪುರಿ ಎಂಬ ಏಳು ಹಳ್ಳಿಗಳನ್ನು ಗುರುತಿಸಿದ್ದಾರೆ. ಅಂಜೂರಕ್ಕೂ ಸೀತಾಫಲಕ್ಕೂ ಹೆಸರಾದ ಸೀಮೆ; ಪುರಂದರದ ಅಂಜೂರಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಸ್ವಾಧೀನದ ಕೆಲಸ ಎಂಐಡಿಸಿಗೆ. 2025ರ ಮೇ ತಿಂಗಳಲ್ಲಿ ಡ್ರೋನ್ ಹಾರಿಸಿ ಸರ್ವೆ ಮಾಡಲು ಹೋದಾಗ ಊರವರು ಎತ್ತಿನ ಗಾಡಿಗಳೊಡನೆ ಅಡ್ಡ ನಿಂತರು, ಲಾಠಿಪ್ರಹಾರವಾಯಿತು. ವಿಮಾನ ನಿಲ್ದಾಣ ಸಾರ್ವಜನಿಕ ಉದ್ದೇಶವೇ, ನಾನು ತಕರಾರು ತೆಗೆಯುವುದಿಲ್ಲ. ನಾವೂ ನೀವೂ ಅಲ್ಲಿಂದಲೇ ಹಾರುವವರು. ಆದರೆ ಮೊದಲು ಆರು ಸಾವಿರ ಎಕರೆಗೂ ಹೆಚ್ಚು ಬೇಕು ಎಂದಿದ್ದ ಸರ್ಕಾರ, ವಿರೋಧ ಜೋರಾದ ಮೇಲೆ ಸುಮಾರು ಮೂರು ಸಾವಿರ ಎಕರೆ ಸಾಕು ಎಂದಿತು. ರನ್‌ವೇಯ ಉದ್ದ ಅಷ್ಟರಲ್ಲಿ ಅರ್ಧವಾಗಲು ಸಾಧ್ಯವಿಲ್ಲ, ವಿಮಾನಗಳೂ ಸಣ್ಣವಾಗಿಲ್ಲ. ಬಿಟ್ಟುಕೊಟ್ಟ ಆ ಮೂರು ಸಾವಿರ ಎಕರೆ ಮೊದಲ ನಕಾಶೆಯಲ್ಲಿ ಯಾವ ಬಣ್ಣದಲ್ಲಿತ್ತು, ಅದರ ಮೇಲೆ ಏನು ಬರುವುದಿತ್ತು, ಯಾರಿಗೆ ಹಂಚುವುದಿತ್ತು? ಉಳಿದ ಮೂರು ಸಾವಿರದಲ್ಲೂ ವಿಮಾನ ಇಳಿಯಲು ಎಷ್ಟು, ಹೋಟೆಲಿಗೂ ಗೋದಾಮಿಗೂ ಎಷ್ಟು? ಆ ಏಳು ಊರುಗಳ ರೈತರು ಕೇಳಬೇಕಾದ ಪ್ರಶ್ನೆಗಳು ಇವು, ಅವರು ಕೇಳುತ್ತಲೂ ಇದ್ದಾರೆ. ಟಿಕೆಟ್ಟು ಕೊಳ್ಳುವ ನಾವೂ ಅವೇ ಪ್ರಶ್ನೆಗಳನ್ನು ಅವರ ಜೊತೆ ನಿಂತು ಕೇಳಬಹುದು, ಮರಾಠಿಯಲ್ಲಿ ಕೇಳಿದರೆ ಇನ್ನೂ ಒಳ್ಳೆಯದು.